ಹಲ್ಲು ಉಳಿದ ಕೀಲಿ

ಬೀಗದಕ್ಕನ ಮುತ್ತಜ್ಜ, ಬಾವಿಯ ಕೆಸರಿನಲ್ಲಿ ವರ್ಷಗಟ್ಟಲೆ ಹೂತಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಒಂದು ಗೀರೂ ಬೀಳದಂತೆ ತೆರೆದವನು. ಅಜ್ಜ, ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕಿಕೊಂಡ ತಾಯಿ ಮಗುವನ್ನು, ಜನ ಕೊಡಲಿ ಹುಡುಕುವಷ್ಟರಲ್ಲಿ ಬೀಗ ತೆಗೆದು ಈಚೆ ತಂದವನು. ಅಪ್ಪ ಅಂಥ ಸಾಹಸವೇನೂ ಮಾಡಲಿಲ್ಲ. ಅಂಗಡಿ ಮುಂದೆ ಒಂದು ತಂತಿ ಕಟ್ಟಿದ, ಅಷ್ಟೆ. ಆದರೆ ಅಂಗಡಿ ನಿಂತದ್ದೇ ಆ ತಂತಿಯ ಮೇಲೆ.

ಅವನ ಪದ್ಧತಿ ಹೀಗಿತ್ತು. ಮೊದಲು ತಗಡಿನಲ್ಲಿ ಮಾದರಿ ಕೀಲಿ ಕೊರೆಯುವುದು. ಅದು ಬೀಗದಲ್ಲಿ ಸಲೀಸಾಗಿ ತಿರುಗಿದ ಮೇಲೆ ಹಿತ್ತಾಳೆಯಲ್ಲಿ ಅಸಲು ಕೀಲಿ. ಆಮೇಲೆ ಮಾದರಿಯ ಮೇಲೆ ಬೀದಿ, ಮನೆ ನಂಬರು ಕೆತ್ತಿ, ಗಿರಾಕಿಯ ಕಣ್ಣೆದುರೇ ಅದರ ಹಲ್ಲುಗಳನ್ನು ಅರದಿಂದ ಪೂರ್ತಿ ಉಜ್ಜಿ, ತಂತಿಗೆ ಪೋಣಿಸುವುದು. ನಿಮ್ಮ ಮನೆಗೆ ನಮ್ಮಲ್ಲಿ ದಾರಿಯಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಮೆಟ್ಟಿಲ ಕೆಳಗಿನ ಅಪ್ಪನ ಗೂಡಂಗಡಿಯನ್ನು ಬೀಗದಕ್ಕ ಹತ್ತೊಂಬತ್ತು ವರ್ಷದಲ್ಲಿ ಎರಡು ಕೋಣೆಗೆ ಬೆಳೆಸಿದಳು. ಬ್ಯಾಂಕಿನವರು, ಆಸ್ಪತ್ರೆಯವರು ಅವಳನ್ನೇ ಕರೆಯುತ್ತಿದ್ದರು. ಬೋರ್ಡು ಇರಲಿಲ್ಲ, ಗಾಳಿಗೆ ಕಿಣಿಕಿಣಿ ಎನ್ನುವ ಬೋಳು ಕೀಲಿಗಳೇ ಬೋರ್ಡು.

ಒಂದು ಬೆಳಿಗ್ಗೆ ಅವನ್ನು ಒರೆಸುತ್ತಿದ್ದವಳ ಬೆರಳಿಗೆ ಹಲ್ಲು ಚುಚ್ಚಿತು. ನಂಬರು ನೋಡಿದಳು.

ಒಂಟಿಯಾಗಿರುವ ವಯಸ್ಸಾದ ಟೀಚರಮ್ಮನ ಮನೆ. ಮೊನ್ನೆ ಹೊಸ ಕೀಲಿ ಮಾಡಿಸಲು ಬಾಗಿಲ ಬೀಗ ಬಿಚ್ಚಿಸಿ ತಂದಿದ್ದರು. "ನಿಮ್ಮಪ್ಪನಿಗಿಂತ ನಿನ್ನ ಕೈ ಚುರುಕು ಕಣಮ್ಮ" ಅಂದಿದ್ದರು. ಆ ಮಾತಿಗೆ ಉಬ್ಬಿಹೋಗಿ, ನಂಬರು ಕೆತ್ತಿದವಳು ಅರವನ್ನೇ ಮರೆತಿದ್ದಳು. ಎರಡು ದಿನ ಕೀಲಿ ಬೀದಿಗೆ ಮುಖ ಮಾಡಿ ನೇತಾಡಿತ್ತು. ಹಲ್ಲಿನ ಸಂದಿಯಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು. ಮೂಸಿದಳು. ಸೋಪು.

ವಿಳಾಸ ಕೇಳಿಕೊಂಡು ಬಂದವನು, ಬಿಸಿಲಿಗೆ ನೆರಳು ಹುಡುಕಿ ನಿಂತವನು, ಸುಮ್ಮನೆ ಕೀಲಿಗಳನ್ನು ಸವರುತ್ತಿದ್ದವನು. ಎಲ್ಲರೂ ಕಣ್ಮುಂದೆ ಬಂದರು. ಒಬ್ಬನ ಮುಖವೂ ನೆನಪಾಗಲಿಲ್ಲ.

ಪಕ್ಕದಲ್ಲೇ ಲೇತ್ ಇಟ್ಟುಕೊಂಡಿದ್ದ ತಮ್ಮ ಇಣುಕಿದ. "ಏನಕ್ಕಾ, ಮುಖ ಸುಣ್ಣ ಬಳಿದ ಗೋಡೆ ಆಗಿದೆ?"

ಕೀಲಿ ತೋರಿಸಿದಳು. "ಸೋಪು ಕಣೋ. ಯಾರೋ ಕಳ್ಳಕೀಲಿಗೆ ಅಚ್ಚು ತಗೊಂಡಿದ್ದಾರೆ."

"ನೀನು ದಿನಕ್ಕೆ ಹತ್ತು ಸಲ ಕೈ ತೊಳೀತೀಯ. ನಿನ್ನ ಕೈಯದೇ ಇರಬಹುದು."

"ಇರಬಹುದು. ಇಲ್ಲದಿದ್ರೆ? ಅವರು ಒಬ್ಬರೇ ಮಲಗ್ತಾರಲ್ಲೋ!"

ತಮ್ಮನ ನಗು ಇಳಿಯಿತು. ದನಿ ತಗ್ಗಿಸಿದ. "ಸರಿ, ನಾನು ಹೋಗ್ತೀನಿ. ಕಂಪನಿಯವರು ಹಳೇದಕ್ಕೆ ಹೊಸ ಬೀಗ ಬಿಟ್ಟಿ ಕೊಡ್ತಿದ್ದಾರೆ ಅಂತ ಬುರುಡೆ ಬಿಟ್ಟು, ಬೀಗ ಬದಲಾಯಿಸಿ ಬರ್ತೀನಿ. ಅವರಿಗೂ ಭಯ ಇಲ್ಲ, ನಿನ್ನ ಹೆಸರೂ ಕೆಡಲ್ಲ. ನಿಜ ಹೇಳಿದ್ರೆ ನಾಳೆ ಈ ಅಂಗಡಿಗೆ ನೊಣಾನೂ ಬರಲ್ಲ. ಈ ತಂತೀಲಿರೋ ಅಷ್ಟೂ ಮನೆಯವರು ಬಂದು ಕೊರಳಪಟ್ಟಿ ಹಿಡೀತಾರೆ."

ಗಾಳಿ ಬೀಸಿತು. ನೂರಾರು ಕೀಲಿಗಳು ಒಟ್ಟಿಗೆ ಅಲುಗಿದವು. ಇಷ್ಟು ವರ್ಷ ಹಿತವಾಗಿದ್ದ ಆ ಸದ್ದಿಗೆ ಅವಳ ಮೈ ಜುಂ ಎಂದಿತು. ಇದ್ದುದರಲ್ಲಿ ಗಟ್ಟಿಯಾದ ಹೊಸ ಬೀಗವೊಂದನ್ನು ಚೀಲಕ್ಕೆ ಹಾಕಿದಳು. ಹಲ್ಲು ಉಳಿದ ಆ ಕೀಲಿಯನ್ನೂ ಹಾಕಿದಳು. ಅರ ಎರಡು ಸಲ ಕೈಜಾರಿ ಬಿತ್ತು. ತಮ್ಮ ಎತ್ತಿಕೊಟ್ಟು, ಚೀಲಕ್ಕೆ ಕೈ ಹಾಕಿದ.

ಅವಳು ಚೀಲ ಬಿಡಲಿಲ್ಲ. "ಬೇಡ ಕಣೋ, ನೀನು ಹೋಗಬೇಡ. ಕೈ ನಡುಗ್ತಿದೆ, ಕಾಣ್ತಿದೆ ನನಗೂ. ನಡುಗೋ ಕೈಯಲ್ಲೇ ಬೀಗ ಹಾಕ್ತೀನಿ. ಈ ಹಲ್ಲನ್ನ ಮೊನ್ನೆ ಅವರ ಕಣ್ಣೆದುರು ಉಜ್ಜಬೇಕಿತ್ತು, ಇವತ್ತು ನಿಜ ಹೇಳಿ, ಅವರ ಮುಂದೇನೇ ಉಜ್ಜಿ ಬರ್ತೀನಿ. ನಾನೇ."