ಅಡ್ಡ ಹಾಕಿದ ಸೊಪ್ಪು

ಅಪ್ಪ ಮೂವತ್ತು ವರ್ಷ ಹಳಿಯಾಳದಿಂದ ಕಾರವಾರಕ್ಕೆ ಬಸ್ಸು ಓಡಿಸಿದ. ದಾಂಡೇಲಿ, ಜೋಯಿಡಾ, ಅಣಶಿ ಘಾಟು, ಎಲ್ಲ ತಿರುವುಗಳೂ ಅವನಿಗೆ ಕೈಪಾಠ. ಆದರೆ ರಸ್ತೆಯ ಅಂಚು ದಾಟಿ ಹತ್ತು ಹೆಜ್ಜೆ ಕಾಡಿನೊಳಗೆ ಹೋದವನಲ್ಲ. ನಿವೃತ್ತನಾದ ಮರುವರ್ಷ, ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಇಷ್ಟ ವರ್ಷ ಬಸ್ಸಿನ ಕಾಚಿನಾಗಿಂದ ನೋಡಿದ್ದಾತು. ಒಮ್ಮೆ ಇಳದು ನೋಡೂಣು," ಅಂದ.

ಬೆನ್ನಿಗೆ ಚೀಲ ಹಾಕಿಕೊಂಡು ಅಣಶಿ ಕಡೆಯಿಂದ ನಾಲ್ಕು ದಿನ ನಡೆದು ಕ್ಯಾಸಲ್‌ರಾಕ್ ಸ್ಟೇಶನ್ನಿಗೆ ಹೋಗುವುದು, ಅಲ್ಲಿಂದ ರೈಲಿನಲ್ಲಿ ಮನೆ ಕಡೆಗೆ. ಅರಣ್ಯದವರ ಪರವಾನಿಗೆ ತಂದವಳು ನಾನು. ಅವ್ವನಿಗೆ ಮಾತ್ರ ಒಪ್ಪಿಗೆಯಿರಲಿಲ್ಲ. "ಮಂಡಿಗೆ ಎಣ್ಣಿ ತಿಕ್ಕಾಕ ಇನ್ನೊಬ್ರು ಬೇಕು, ಈ ಮನಶಾಗ ಗುಡ್ಡ ಹತ್ತೂ ಹೌಸಿ!" ಅಂತ ಬೈಯುತ್ತಲೇ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿದಳು. ರೊಟ್ಟಿ ಮುರಿಯಬಾರದೆಂದು ಅಪ್ಪ ಆ ಗಂಟನ್ನು ತನ್ನ ಚೀಲದಲ್ಲೇ ಇಟ್ಟುಕೊಂಡ.

ದಾರಿ ತೋರಿಸಲು ಬಂದವಳು ಜೋಯಿಡಾ ಕಡೆಯ ಸಿದ್ದಿ ಹೆಣ್ಣುಮಗಳು, ವಯಸ್ಸು ಐವತ್ತು ದಾಟಿರಬೇಕು. ಆ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಾನು ಅವಳನ್ನು ಮಾವಶಿ ಅಂದೆ. ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಕಟ್ಟಿಗೆ ಹೊರೆ ಕಟ್ಟುವ ಹಗ್ಗದ ಸುರುಳಿ.

"ಅಜ್ಜಾ, ನೀವು ನಡುವ ನಡೀರಿ," ಅಂದಳು ಮಾವಶಿ ಮೊದಲಿಗೇ.

ಅಪ್ಪನಿಗೆ ಸಿಟ್ಟು ಬಂತು. "ಯಾರ್ರೀ ಅಜ್ಜ? ಕಾಕಾ ಅನ್ರಿ."

"ಕಾಕಾ ಅಂದ್ರ ಮಂಡಿ ಮಾತು ಕೇಳ್ತಾವೇನು?"

"ಕೇಳ್ತಾವು. ನಾ ಹಿಂದ ಬರ್ತೇನಿ. ಓವರ್‌ಟೇಕ್ ಮಾಡೂ ಚಟ ನನಗಿಲ್ಲ."

ಹೀಗೆ ಮಾವಶಿ ಮುಂದೆ, ನಾನು ನಡುವೆ, ಅಪ್ಪ ಎಲ್ಲರಿಗಿಂತ ಹಿಂದೆ. ದಾರಿ ಕವಲೊಡೆಯುವಲ್ಲೆಲ್ಲ ಮಾವಶಿ ಒಂದು ಸೊಪ್ಪಿನ ಟೊಂಗೆ ಕಡಿದು, ನಾವು ಹೋಗಬಾರದ ದಾರಿಗೆ ಅಡ್ಡ ಹಾಕುತ್ತಿದ್ದಳು. "ಸೊಪ್ಪು ಬಿದ್ದ ದಾರಿ ನಮ್ದಲ್ಲ. ಹಿಂದ ಬರಾವ್ರಿಗೆ ಗೊತ್ತಾಗಬೇಕಲ್ರಿ," ಅಂದಳು. ಅಪ್ಪನಿಗೆ ಇದು ಬಹಳ ಹಿಡಿಸಿತು. ಪ್ರತಿ ಟೊಂಗೆಗೂ "ನೋ ಎಂಟ್ರಿ" ಅಂತ ಕೂಗಿ ದಾಟುತ್ತಿದ್ದ. ನಾನು ಒಂದರ ಫೋಟೊ ಕೂಡ ತೆಗೆದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಮಾವಶಿ ಮುಂದಿನಿಂದ ಕೂಗಿದಳು. "ಬಾಯೀ, ಮುಂದ ಸೊಪ್ಪಿನ ದೇವ್ರು ಐತಿ. ಬರಿಗೈಲೆ ದಾಟಬಾರ್ದು. ಒಂದು ಟೊಂಗಿ ತರ್ರಿ."

ಆ ದೇವರಿಗೆ ಗುಡಿಯಿಲ್ಲ. ಮರದ ಬುಡದಲ್ಲಿ ಒಂದು ಕಲ್ಲು, ಹಾದುಹೋಗುವವರು ಹಾಕಿದ ಸೊಪ್ಪಿನ ರಾಶಿ, ಅಷ್ಟೆ. ಕಾಡಿನಲ್ಲಿ ಏನನ್ನೂ ಮುರಿಯಬಾರದೆಂದು ಪರವಾನಿಗೆಯ ಹಾಳೆಯಲ್ಲಿ ಬರೆದಿತ್ತು, ಅದನ್ನು ನಾನು ಎರಡು ಸಲ ಓದಿದ್ದೆ. ಓದಿದವಳು ನೋಡಿ. ಬದಿಯ ಗಿಡಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ನಿಂತಿದ್ದ ಕವಲಿನಲ್ಲಿ ಆಗಲೇ ಕಡಿದ ಟೊಂಗೆಯೊಂದು ಬಿದ್ದಿತ್ತು. ಎತ್ತಿಕೊಂಡೆ. ಒಂದು ಎಲೆಯನ್ನೂ ಕೀಳದೆ ದೇವರಿಗೆ ಸಲ್ಲಿಸುತ್ತೇನೆಂದು ಸಣ್ಣ ಜಂಬ ಬೇರೆ. ಅದು ಯಾಕೆ ಬಿದ್ದಿದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ನಾನು ಸರಿಯಾದ ದಾರಿ ಹಿಡಿದಾಗಿತ್ತು, ಅದರ ಕೆಲಸ ಮುಗಿಯಿತು ಅನ್ನಿಸಿತು. ಹಿಂದೆ ಅಪ್ಪ ಬರುತ್ತಿದ್ದಾನೆಂಬುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ.

ಟೊಂಗೆಯನ್ನು ರಾಶಿಯ ಮೇಲೆ ಹಾಕಿ ಕೈ ಮುಗಿದೆ. ನೀರು ಕುಡಿದು ಕಾದೆವು. ಅಪ್ಪ ಬರಲಿಲ್ಲ. ಮಾವಶಿ ಬಾಯಿಗೆ ಕೈ ಹಿಡಿದು "ಕೂ" ಅಂದಳು. ಎಡಕ್ಕೆ, ಬಹಳ ಕೆಳಗಿನಿಂದ ಅಪ್ಪನ ದನಿ ಬಂತು. "ಏ... ಇಲ್ಲಿ ಅದೇನಿ!"

ಮಾವಶಿಯ ಮುಖ ನೋಡಿದ ಮೇಲೆ ನನಗೆ ಭಯವಾಯಿತು. ಇಬ್ಬರೂ ಓಡಿದೆವು.

ಆ ದಾರಿ ಒಂದು ಕರಿ ಹಾಸುಬಂಡೆಯಲ್ಲಿ ಮುಗಿಯುತ್ತಿತ್ತು. ಬಂಡೆ ಕೆಳಕ್ಕೆ ಇಳಿಜಾರು, ಮೇಲೆ ನೀರು ಜಿನುಗಿ ಹಸಿರು ಪಾಚಿ. ನಡುವೆ ಅಪ್ಪ ಕುಳಿತಿದ್ದ. ಹಿಮ್ಮಡಿಗಳನ್ನು ಒಂದು ಬಿರುಕಿಗೆ ಒತ್ತಿ, ಅಂಗೈಗಳನ್ನು ಹಿಂದೆ ಊರಿದ್ದ. ಅವನಿಂದ ಎರಡು ಮಾರು ಕೆಳಗೆ ಬಂಡೆ ಮುಗಿದಿತ್ತು. ಅದರಾಚೆ ಕಾಣುತ್ತಿದ್ದದ್ದು ಬರೀ ಮರಗಳ ತುದಿ.

"ಅಲ್ಲೇ ನಿಲ್ಲು," ಅಂದ ನನಗೆ, ತಿರುಗಿ ನೋಡದೆ. "ಬ್ರೇಕ್ ಹಿಡಿದೇನಿ. ಗಾಡಿ ಅಲುಗಾಡಸಬ್ಯಾಡ್ರಿ."

ಹಾಗೆನ್ನುವಾಗಲೇ ಅವನ ಒಂದು ಹಿಮ್ಮಡಿ ಬೆರಳಗಲ ಜಾರಿತು.

ಮಾವಶಿ ಹಗ್ಗದ ಒಂದು ತುದಿಯನ್ನು ಮರಕ್ಕೆ ಸುತ್ತಿ ನನ್ನ ಕೈಗೆ ಕೊಟ್ಟಳು. ಇನ್ನೊಂದು ತುದಿಗೆ ಕುಣಿಕೆ ಹಾಕಿ ಎಸೆದಳು. ಮೂರನೆಯ ಸಲಕ್ಕೆ ಅದು ಅಪ್ಪನ ತೊಡೆಯ ಮೇಲೆ ಬಿತ್ತು. ಕಂಕುಳಿಗೆ ಹಾಕಿಕೊಳ್ಳಲು ಬೆನ್ನಿನ ಚೀಲ ಅಡ್ಡ.

"ಕಾಕಾ, ಚೀಲಾ ಬಿಡ್ರಿ."

"ಇದ್ರಾಗ ರೊಟ್ಟಿ ಅದಾವು."

"ನಿಮ್ಮ ರೊಟ್ಟಿಗೆ ಬೆಂಕಿ ಹಾಕ್ರಿ! ಬಿಡ್ರಿ ಅಂದ್ರ ಬಿಡ್ರಿ!"

ಅಪ್ಪ ಒಂದೊಂದೇ ತೋಳು ಬಿಡಿಸಿಕೊಂಡ. ಚೀಲ ಅವಸರವಿಲ್ಲದೆ ಜಾರಿತು, ಅಂಚಿನಲ್ಲಿ ಒಮ್ಮೆ ತಿರುಗಿ ಮರೆಯಾಯಿತು. ಸದ್ದಿಲ್ಲ. ಉಸಿರು ಹಿಡಿದು ಕೇಳುತ್ತಲೇ ಇದ್ದೆ. ಆಮೇಲೆ ಎಲ್ಲೋ ಆಳದಲ್ಲಿ, ಯಾರೋ ತೆಂಗಿನಕಾಯಿ ಕೆಡವಿದಂತೆ ಒಂದು ಪುಟ್ಟ ಸದ್ದು. ಈಗಲೂ ಪಕ್ಕದ ಮನೆಯವರು ಅಕ್ಕಿ ಚೀಲ ಇಳಿಸಿದರೆ ನಾನು ಮಾಡುವ ಕೆಲಸ ಬಿಟ್ಟು ಎದ್ದು, ಅಪ್ಪ ಎಲ್ಲಿದ್ದಾನೆಂದು ನೋಡಿ ಬರುತ್ತೇನೆ. ಅವನು ಪೇಪರು ಓದುತ್ತ ಕೂತಿರುತ್ತಾನೆ.

ಎಳೆದೆವು. ಅಪ್ಪ ಹಿಂದಕ್ಕೆ ತೆವಳುತ್ತ, ನಾವು ಹಗ್ಗವನ್ನು ಮರಕ್ಕೆ ಸುತ್ತುತ್ತ. ಗಟ್ಟಿ ನೆಲ ಮುಟ್ಟಿದ ಮೇಲೆ ಅವನು ನನ್ನ ಅಂಗೈ ಬಿಡಿಸಿ ನೋಡಿದ. ಹಗ್ಗ ಚರ್ಮ ಕಿತ್ತಿತ್ತು. "ಅವ್ವಗ ಹೇಳಬ್ಯಾಡ," ಅಂದ. ತನ್ನ ಬಗ್ಗೆಯೋ ನನ್ನ ಕೈ ಬಗ್ಗೆಯೋ, ಕೇಳಲಿಲ್ಲ.

ಕವಲಿಗೆ ಮರಳಿದಾಗ ಮಾವಶಿ ನೆಲ ಹುಡುಕಿದಳು. "ಇಲ್ಲೇ ಹಾಕಿದ್ನಲ್ಲ. ಕಾಡಕೋಣ ತಿಂದಿರಬೇಕು."

ನಾನು ಬಗ್ಗಿ ಬೂಟಿನ ದಾರ ಬಿಗಿದುಕೊಂಡೆ.

ಮರುದಿನವೆಲ್ಲ ಅವಳು ಎರಡೆರಡು ಟೊಂಗೆ ಹಾಕಿ ಮೇಲೆ ಕಲ್ಲು ಹೇರುತ್ತ ನಡೆದಳು. ಮಾತು ಕಡಿಮೆಯಾಗಿತ್ತು. ಹಳ್ಳದ ದಂಡೆಯಲ್ಲಿ ಊಟಕ್ಕೆ ಕುಳಿತಾಗ ತನ್ನ ಬುತ್ತಿಯ ಅನ್ನವನ್ನು ಮೂರು ಪಾಲು ಮಾಡಿ, ಅಪ್ಪನಿಗೆ ಹೇಳಿದಳು. "ನಂದ ತಪ್ಪು ಕಾಕಾ. ಸಣ್ಣ ಟೊಂಗಿ ಹಾಕಿದ್ದೆ. ಇನ್ನ ಯಾರನ್ನೂ ಕರಕೊಂಡು ಬರೂದಿಲ್ಲ ನಾ."

ಎತ್ತಿದ ತುತ್ತನ್ನು ಎಲೆಯಲ್ಲೇ ಇಟ್ಟೆ. "ಮಾವಶಿ, ಕಾಡಕೋಣ ತಿಂದಿಲ್ಲ," ಅಂದೆ. "ನಾನ ಎತ್ತಿಕೊಂಡು ಹೋಗಿ ದೇವ್ರಿಗೆ ಹಾಕ್ದೆ."

ಮಾವಶಿ ನನ್ನನ್ನೇ ನೋಡಿದಳು. "ಸುತ್ತ ಇಷ್ಟ ಗಿಡ ಅದಾವು, ನಿಮಗ ಅದ ಟೊಂಗಿ ಬೇಕಾಗಿತ್ತೇನು?"

"ಏನೂ ಮುರೀಬಾರ್ದು ಅಂತ ಹಾಳ್ಯಾಗ ಬರದಿತ್ತು."

ಮೊದಲು ಅಪ್ಪ ನಕ್ಕ. ಕೆಮ್ಮು ಬರುವವರೆಗೆ ನಕ್ಕ. "ಕಾಲೇಜು ಕಲಿಸಿದ್ದು ನಾನ ನೋಡ್ರಿ," ಅಂದ ಮಾವಶಿಗೆ. ಅವಳು ನಗಲಿಲ್ಲ. ಒಂದು ದೊಡ್ಡ ಉಸಿರು ಬಿಟ್ಟು, ತನ್ನ ಪಾಲಿನ ಉಪ್ಪಿನಕಾಯಿಯನ್ನು ನನ್ನ ಎಲೆಗೆ ಹಾಕಿದಳು. ಕೈ ತೊಳೆದ ಮೇಲೆ ಅಂದಳು. "ಏಳ್ರಿ. ಇನ್ನ ಮ್ಯಾಲೆ ಕಾಕಾ ನಡುವ, ನೀವು ಹಿಂದ."

ಹಿಂದೆ ನಡೆಯುವುದೆಂದರೇನೆಂದು ಆಗ ತಿಳಿಯಿತು. ತಿರುವಿನಲ್ಲಿ ಅವರಿಬ್ಬರೂ ಮರೆಯಾಗುತ್ತಿದ್ದರು. ಕವಲಿಗೆ ಬಂದಾಗ ಯಾರೂ ಇಲ್ಲ, ಅಡ್ಡ ಹಾಕಿದ ಸೊಪ್ಪು ಮಾತ್ರ. ಅದನ್ನು ಕಂಡರೆ ಸಾಕು, ಎದೆ ಹಗುರಾಗುತ್ತಿತ್ತು. ಕೆಲವು ಟೊಂಗೆಗಳು ಮಾವಶಿಯದಲ್ಲವೆಂದು ಆಮೇಲೆ ಗಮನಿಸಿದೆ. ಅವಳದು ಕತ್ತಿಯಿಂದ ಓರೆಯಾಗಿ ಕಡಿದದ್ದು. ಇವು ಕೈಯಿಂದ ತಿರುಚಿ ತಿರುಚಿ ಕಿತ್ತವು, ತೊಗಟೆಯೆಲ್ಲ ಸುಲಿದು ಜೋತಾಡುತ್ತಿದ್ದವು.

ನಾಲ್ಕನೆಯ ದಿನ ಕ್ಯಾಸಲ್‌ರಾಕ್ ಹತ್ತಿರ ಕೊನೆಯ ಕವಲು ಬಂತು. ರೈಲು ಹಳಿ ಅಲ್ಲಿಂದಲೇ ಕಾಣುತ್ತಿತ್ತು. ಎರಡೂ ದಾರಿ ಸ್ಟೇಶನ್ನಿಗೇ ಇಳಿಯುತ್ತಿದ್ದವು. ಆದರೂ ಒಂದಕ್ಕೆ ಅಡ್ಡವಾಗಿ ತಿರುಚಿ ಕಿತ್ತ ಟೊಂಗೆ ಬಿದ್ದಿತ್ತು, ಎಲೆ ಇನ್ನೂ ಬಾಡಿರಲಿಲ್ಲ. ಕೆಳಗೆ ಹಳಿಯ ಪಕ್ಕದಲ್ಲಿ ಅಪ್ಪ ಮಂಡಿ ತಿಕ್ಕಿಕೊಳ್ಳುತ್ತ ನಿಂತು ಮೇಲೆ ನೋಡುತ್ತಿದ್ದ.

ಟೊಂಗೆಯನ್ನು ಮುಟ್ಟದೆ ಇನ್ನೊಂದು ದಾರಿಯಲ್ಲಿ ಇಳಿದೆ.