ನೀಲಿ ಹಲಗೆಯ ಒಪ್ಪಿಗೆ

ನನ್ನ ಚಿಕ್ಕಮ್ಮ ಮುನಿಲಕ್ಷ್ಮಿ ಧರ್ಮಪುರಿ ಕಡೆ ಕುರಿ ಮೇಯಿಸುವವಳು. ನಲವತ್ತು ದಾಟಿದರೂ ಕಡಲು ಕಂಡವಳಲ್ಲ. ಕೋವಳಂ ತೀರದಲ್ಲಿ ನಾನು ಅಲೆ ಸವಾರಿ ಕಲಿಸುತ್ತೇನೆಂದು ಕೇಳಿ, ನೋಡಲು ಬಸ್ಸು ಹತ್ತಿ ಬಂದಳು. ನೀರಿನಂಚಿಗೆ ಹೋಗಿ, ಹಲಗೆಯ ಮೇಲೆ ನಿಂತು ಅಲೆ ಏರುವವರನ್ನು ನೋಡಿದಳು. ಆಮೇಲೆ, "ನಂಗೂ ಒಂದು ಅಲಗೆ ಕೊಡೇ ರಮಾ" ಅಂದಳು.

ಮರಳಿನ ಮೇಲೆ ಸರ್ಫ್‌ಬೋರ್ಡುಗಳನ್ನು ಮಲಗಿಸಿದ್ದೆ.

"ಒಸಬರಿಗೆ ಉದ್ದ, ಅಗಲ, ದಪ್ಪ ಇರೋದೇ ಬೇಕು ಚಿಕ್ಕಮ್ಮ. ಆ ಸಣ್ಣದು ನೋಡಕ್ಕೆ ಚೆಂದಾಗೈತೆ, ಆದ್ರೆ ನಿಲ್ಲಕ್ಕೆ ಬಿಡಲ್ಲ."

ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುವಂತೆ ಅವಳು ಒಂದೊಂದನ್ನೂ ಒತ್ತಿದಳು. ಎಲ್ಲಕ್ಕಿಂತ ಅಗಲದ ನೀಲಿ ಹಲಗೆಯ ಬಳಿ ನಿಂತು, ಅದರ ಮೇಲೆ ಬೊಗಸೆ ನೀರು ಚಿಮುಕಿಸಿ ಕಾದಳು. ದೇವರಿಗೆ ಬಿಡುವ ಕುರಿಯ ಮೇಲೆ ನೀರು ಹಾಕಿ, ಅದು ಮೈ ಒದರಿದರೆ ಒಪ್ಪಿತೆಂದು ತಿಳಿಯುವುದು ನಮ್ಮಲ್ಲಿ ರೂಢಿ.

ನನಗೆ ರೇಗಿತು. "ಅಯ್ಯೋ, ಅದು ಬರೀ ಫೋಮು ಚಿಕ್ಕಮ್ಮ! ಅದಕ್ಕೇನು ಜೀವ ಐತಾ?"

"ಸುಮ್ನಿರೇ. ಕೇಳ್ದೆ ಬೆನ್ನೇರಕ್ಕಾಯ್ತದಾ?"

ಹಲಗೆ ಅಲ್ಲಾಡಲಿಲ್ಲ. ಕಾದು ಸಾಕಾಗಿ ನಾನೇ ಅದನ್ನು ಸೊಂಟಮಟ್ಟದ ನೀರಿಗೆ ಎಳೆದೊಯ್ದೆ. ಅವಳು ಗೊಣಗುತ್ತ ಹಿಂದೆ ಬಂದಳು. ಅಷ್ಟರಲ್ಲಿ ಗೋಡೆಯಂಥ ಅಲೆಯೊಂದು ಎದ್ದು ಅವಳ ನೆತ್ತಿಯ ಮೇಲೆ ಸುರಿದು ಹೋಯಿತು.

ಚಿಕ್ಕಮ್ಮ ತಲೆಯಿಂದ ಕಾಲಿನವರೆಗೆ ಮೈ ಒದರಿದಳು. ಒದರಿ, ಕಣ್ಣರಳಿಸಿ ಹಾಗೇ ನಿಂತುಬಿಟ್ಟಳು.

"ರಮಾ," ಎಂದು ಪಿಸುಗುಟ್ಟಿದಳು, "ಕಡ್ಲು ನನ್ನ ಕೇಳ್ತು ಕಣೇ. ನಾನು ಊಂ ಅಂದ್ಬುಟ್ಟೆ."