ಉಣ್ಣುವ ಬ್ಯಾಟರಿ

ಅದಿರಿನ ಭರಾಟೆಯ ವರ್ಷಗಳಲ್ಲಿ, ಕುರೆಕುಪ್ಪದ ನಮ್ಮ ಗೋದಾಮಿನಲ್ಲಿ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ಗಳ ಬ್ಯಾಟರಿ ನೋಡಿಕೊಳ್ಳುವವರೊಬ್ಬರಿದ್ದರು. ಚಾರ್ಜಿಗೆ ಹಾಕಿ, ಬಾಗಿಲಲ್ಲಿ ನಿಂತು, ತಲೆ ವಾಲಿಸಿ ಅದರೊಳಗಿನ ಗುಳುಗುಳು ಸದ್ದು ಆಲಿಸುತ್ತಿದ್ದರು. ಅದಕ್ಕೆ ನೀರು ಹಾಕಲೇ ಎಂದು ನಾನು ಕೇಳಿದರೆ, “ಮೊದ್ಲ ಉಣ್ಲಿ, ಆಮ್ಯಾಲ ನೀರು” ಎನ್ನುತ್ತಿದ್ದರು. ಆ ಸದ್ದಿನಲ್ಲಿ ಅವರಿಗೆ ಏನು ಕೇಳಿಸುತ್ತದೋ ಎಂಬ ಕುತೂಹಲ ನನಗೆ.

ಒಂದು ಆಯುಧಪೂಜೆಯ ದಿನ ಮ್ಯಾನೇಜರ್ ಉರಿಯುವ ಕರ್ಪೂರದ ತಟ್ಟೆ ಹಿಡಿದು ನೇರ ಚಾರ್ಜಿಂಗ್ ಕೋಣೆಗೆ ನಡೆದರು. ಹಣೆತುಂಬ ವಿಭೂತಿ ಹಚ್ಚಿದ್ದ ನಮ್ಮ ಬ್ಯಾಟರಿಯವರು ಓಡಿಬಂದು, ಹೊಸ್ತಿಲಲ್ಲೇ ಬರಿಗೈಯಿಂದ ಮುಚ್ಚಿ ಅದನ್ನು ಆರಿಸಿದರು.

“ಆರತಿ ಆರಿಸ್ತೀರೇನ್ರಿ?” ಮ್ಯಾನೇಜರ್ ಸಿಡುಕಿದರು.

“ಉಣ್ಣೋವಾಗ ಅದು ಗುಳುಗುಳು ಅಂತ ಗ್ಯಾಸ್ ಬಿಡ್ತೈತ್ರಿ ಸಾಹೇಬ್ರ. ಕಿಡಿ ಸೋಕಿದ್ರ ನಾವ್ಯಾರೂ ಉಳ್ಯಂಗಿಲ್ಲ.”

ಸುಟ್ಟ ಅಂಗೈ ನೋಡಿಕೊಳ್ಳುವ ಮೊದಲು, ಅವರು ತಲೆ ವಾಲಿಸಿ ಬ್ಯಾಟರಿಗೆ ಕಿವಿಗೊಟ್ಟರು.